ಕ್ಯಾಟಲೂಚಿ ಕಣಿವೆಗೆ ಬಾಡಿಗೆ ಕಾರಿನಲ್ಲಿ ಹೊರಟವರು ಇದನ್ನು ಓದಿ

ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಕಡೆ ಹೊರಟವರಿಗೆ ಒಂದು ಮಾತು. ನಾರ್ತ್ ಕೆರೊಲಿನಾ ಬದಿಯ ಕ್ಯಾಟಲೂಚಿ ಕಣಿವೆಗೆ ಹೋಗಿ, ಖಂಡಿತ ಹೋಗಿ. ಆದರೆ ಫೋನಿನ ಮ್ಯಾಪ್ ನಂಬಿಕೊಂಡು, ಹೊತ್ತು ಇಳಿದ ಮೇಲೆ ಮಾತ್ರ ಹೋಗಬೇಡಿ.

ನಾವು ಟೆನೆಸ್ಸಿ ಕಡೆಯಿಂದ ಐ-40 ಹೆದ್ದಾರಿಯಲ್ಲಿ ಬರುತ್ತಿದ್ದೆವು, ಜೊತೆಗೆ ಅಪ್ಪ ಅಮ್ಮ. ಉಳಿದುಕೊಂಡಿದ್ದ ಮನೆಯ ಮಾಲೀಕರು, ರಸ್ತೆ ಚೆನ್ನಾಗಿದೆ, ಸಂಜೆ ಹೋಗಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ನೋಡಿಕೊಂಡು ಬಂದುಬಿಡಿ ಅಂದಿದ್ದರು. ಮ್ಯಾಪ್ ನಮ್ಮನ್ನು ಬಿಗ್ ಕ್ರೀಕ್ ಬದಿಯಿಂದ ಹಳೆಯ 284ರ ಜಲ್ಲಿ ರಸ್ತೆಗೆ ತಿರುಗಿಸಿತು. ಒಂದೇ ಗಾಡಿ ಹಿಡಿಸುವಷ್ಟು ಅಗಲ, ತಿರುವಿನ ಮೇಲೆ ತಿರುವು, ಅಂಚಿಗೆ ತಡೆಗೋಡೆ ಇಲ್ಲ. ಎದುರಿಗೊಂದು ಪಿಕಪ್ ಬಂದಾಗ ನಾವೇ ರಿವರ್ಸ್ ಹೋಗಬೇಕಾಯಿತು, ಹಿಂದಿನ ಚಕ್ರದಡಿ ಜಲ್ಲಿ ಜಾರುವ ಸದ್ದು ಕೇಳಿದಾಗಲೆಲ್ಲ ಅಮ್ಮ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಕಣಿವೆ ಮಾತ್ರ ಎಷ್ಟು ಚೆಂದ ಅಂದರೆ ಹೇಳಲಾಗುವುದಿಲ್ಲ. 1910ರಲ್ಲಿ ಇಲ್ಲಿ ಸುಮಾರು 1,200 ಜನ ಇದ್ದರು. ಹೆಚ್ಚಿನವರು ಹೊಲ ಮಾಡಿಕೊಂಡು, ಸೇಬು ಬೆಳೆದು ಮಾರಿಕೊಂಡು ಬದುಕಿದವರು. 1930ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನಕ್ಕೆಂದು ಅವರ ಜಮೀನು ಹೋಯಿತು, ಊರು ಖಾಲಿಯಾಯಿತು. 1898ರ ಪಾಮರ್ ಚಾಪೆಲ್ ಎಂಬ ಸಣ್ಣ ಚರ್ಚು, ಒಂದು ಶಾಲೆ, ಕೆಲವು ಮನೆ, ಕೊಟ್ಟಿಗೆಗಳು ಉಳಿದಿವೆ. ಕಾಲ್ಡ್‌ವೆಲ್ ಮನೆಯೊಳಗೆ ನಿಂತಾಗ ಅಪ್ಪ ಬಾಗಿಲ ಚೌಕಟ್ಟು ಸವರುತ್ತಾ ತುಂಬಾ ಹೊತ್ತು ಮಾತಾಡಲಿಲ್ಲ. ಇದನ್ನೆಲ್ಲ ನೋಡಲು ಅರ್ಧ ದಿನವಾದರೂ ಬೇಕು. ಅಲ್ಲಿಗೆ ಹೋಗಿ ಗಡಿಬಿಡಿಯಲ್ಲಿ ಓಡುವುದು ಆ ಜನಕ್ಕೂ ನ್ಯಾಯ ಅಲ್ಲ, ಅಲ್ವಾ?

ಎಲ್ಕ್‌ಗಳನ್ನು ಇಲ್ಲಿಗೆ ಮತ್ತೆ ತಂದು ಬಿಟ್ಟದ್ದು 2001ರಲ್ಲಿ. ಸೆಪ್ಟೆಂಬರ್, ಅಕ್ಟೋಬರ್ ಅವುಗಳ ಬೆದೆಯ ಕಾಲ, ಗಂಡುಗಳು ಸಿಟ್ಟಿನಲ್ಲಿರುತ್ತವೆ. ನಮ್ಮ ಕಣ್ಣೆದುರೇ ಒಬ್ಬರು ಫೋಟೋಗೆಂದು ಹುಲ್ಲಿಗೆ ಇಳಿದು ಹತ್ತಿರ ಹತ್ತಿರ ಹೋದರು. ಗಂಡು ಕಿವಿ ಹಿಂದಕ್ಕೆ ಮಡಚಿ, ಕೊಂಬು ತಗ್ಗಿಸಿ ನುಗ್ಗಿತು. ಅವರು ಕಾರಿನ ಹಿಂದೆ ಸೇರಿಕೊಂಡದ್ದಕ್ಕೆ ಬಚಾವಾದರು. 150 ಅಡಿಗಿಂತ ಹತ್ತಿರ ಹೋಗುವುದು ಅಲ್ಲಿ ಅಪರಾಧ, 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಇದೆ. ಮಕ್ಕಳ ಕೈ ಬಿಡಬೇಡಿ.

ವಾಪಸ್ ಬರುವಾಗ ಕತ್ತಲಾಗಿತ್ತು. ಚೂಪು ಕಲ್ಲಿಗೆ ತಾಗಿ ಟೈರಿನ ಪಕ್ಕದ ಗೋಡೆಯೇ ಹರಿದುಹೋಯಿತು. ಫೋನಿನಲ್ಲಿ ಒಂದು ಗೆರೆ ಸಿಗ್ನಲ್ ಇಲ್ಲ. ಕಣಿವೆಯಲ್ಲಿ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ, ಯಾರನ್ನು ಕರೆಯುವುದು? ತುಂಬಾ ಹೊತ್ತಾದ ಮೇಲೆ ಆ ದಾರಿಯಲ್ಲಿ ಬಂದ ದಂಪತಿ ಟಾರ್ಚ್ ಹಿಡಿದು ನಿಂತು, ಡಿಕ್ಕಿಯಲ್ಲಿದ್ದ ಸಣ್ಣ ಸ್ಟೆಪ್ನಿ ಹಾಕಿಸಿ, ಹೆದ್ದಾರಿಯವರೆಗೆ ನಮ್ಮ ಹಿಂದೆಯೇ ಬಂದರು. ಅವರ ಉಪಕಾರ ಮರೆಯುವಂಥದ್ದಲ್ಲ.

ಆಮೇಲೆ ಬಾಡಿಗೆ ಕಾರಿನವರ ಕಥೆ. ಕಾರು ಕೊಡುವಾಗ ಕೌಂಟರಿನಲ್ಲಿ, ಪಾರ್ಕಿನೊಳಗಿನ ಯಾವ ರಸ್ತೆಯಾದರೂ ಸರಿ, ವಿಮೆ ಪೂರ್ತಿ ಇದೆ ಅಂದವರು, ಟೈರ್ ನೋಡಿದ ಕೂಡಲೇ ಡಾಂಬರಿಲ್ಲದ ರಸ್ತೆಗೆ ವಿಮೆ ಇಲ್ಲ ಎಂಬ ಸಾಲು ತೋರಿಸಿದರು. ಟೈರು, ರಿಮ್ಮು ಎರಡರ ದುಡ್ಡೂ ನಮ್ಮಿಂದಲೇ ಹೋಯಿತು. ಆದ್ದರಿಂದ ಬಾಯಿಮಾತು ಬೇಡ, ಜಲ್ಲಿ ರಸ್ತೆಗೆ ವಿಮೆ ಇದೆ ಅಂತ ಬರಹದಲ್ಲೇ ಕೇಳಿ ಪಡೆಯಿರಿ.

ಸರಿಯಾದ ದಾರಿ ಅಂದರೆ ಐ-40ರ ಎಕ್ಸಿಟ್ 20, ಸ್ವಲ್ಪ ದೂರ 276ನೇ ಹೆದ್ದಾರಿ, ನಂತರ ಬಲಕ್ಕೆ ಕೋವ್ ಕ್ರೀಕ್ ರಸ್ತೆ. ಅಲ್ಲಿಂದ ಸುಮಾರು 11 ಮೈಲಿ. ಅದರಲ್ಲೂ ಜಲ್ಲಿ ಇದೆ, ಇಕ್ಕಟ್ಟೂ ಇದೆ, ಆದರೆ ಬಿಗ್ ಕ್ರೀಕ್ ದಾರಿಗಿಂತ ಎಷ್ಟೋ ವಾಸಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಟ್ಯಾಂಕ್ ತುಂಬಿಸಿ, ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ, ಬೆಳಿಗ್ಗೆ ಬೇಗ ಹೊರಡಿ. ಎಲ್ಕ್‌ಗಳು ಬೆಳಿಗ್ಗೆಯೂ ಬಯಲಿಗೆ ಬರುತ್ತವೆ, ಸುಮ್ನೆ ಸಂಜೆವರೆಗೆ ಕಾಯಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಈ ಭಾಗದ ರಸ್ತೆಗಳನ್ನು ಜಾಸ್ತಿನೇ ಹಾಳುಮಾಡಿತ್ತು. ಹೊರಡುವ ದಿನವೇ ಪಾರ್ಕಿನ ಜಾಲತಾಣದಲ್ಲಿ ರಸ್ತೆ ತೆರೆದಿದೆಯಾ ಅಂತ ನೋಡಿಕೊಳ್ಳಿ.