ಸ್ಯಾಂಡೆಲ್ ಮೇಷ್ಟ್ರ ‘ಜಸ್ಟಿಸ್’: ಪುಕ್ಕಟೆ, ಆದರೆ ಪುರುಸೊತ್ತು ಬೇಕು

ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರ ‘ಜಸ್ಟಿಸ್’ (ಯಾವುದು ನ್ಯಾಯ ಎಂಬ ಬಗ್ಗೆ) ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ, 12 ಕಂತು. ಬಿ.ಎ. ತತ್ವಶಾಸ್ತ್ರದ ಮಕ್ಕಳಿಗೆ ನಾನು ಶುರುಮಾಡುವುದು ಮೊದಲನೆಯದರಿಂದಲೇ. ಟ್ರಾಲಿ ಪ್ರಶ್ನೆಗೆ (ಐವರನ್ನು ಉಳಿಸಲು ಬ್ರೇಕ್ ಕೆಟ್ಟ ಗಾಡಿಯನ್ನು ಒಬ್ಬನ ಮೇಲೆ ತಿರುಗಿಸಬಹುದೇ?) ಎಲ್ಲರೂ ಸಲೀಸಾಗಿ ಕೈ ಎತ್ತುತ್ತಾರೆ. ಆಮೇಲೆ ಬರುತ್ತೆ 1884ರ ಪ್ರಕರಣ: ಹಡಗು ಮುಳುಗಿ, ದೋಣಿಯಲ್ಲಿ ನಾಲ್ವರು, ಹಸಿವು ತಾಳದೆ ತಮ್ಮಲ್ಲೇ ಒಬ್ಬನಾದ ಹುಡುಗನನ್ನೇ ಕೊಂದು ತಿಂದದ್ದು. ಅಲ್ಲಿ ವಿಡಿಯೊ ನಿಲ್ಲಿಸಿಬಿಡಿ. ನಮ್ಮಲ್ಲಿ ಹಿಂದಿನ ಬೆಂಚಿನವನೊಬ್ಬ, ‘ಯಾರು ಸಾಯ್ಬೇಕು ಅಂತ ಚೀಟಿ ಎತ್ತಿದ್ರೆ ಸರಿನಾ ಸಾರ್?’ ಎಂದ, ಇಡೀ ತರಗತಿ ಅವನ ಮೇಲೆ ಮುಗಿಬಿತ್ತು. ಸ್ಯಾಂಡೆಲ್ ಎತ್ತುವುದೂ ಅದೇ ಪ್ರಶ್ನೆಯನ್ನ! ಉತ್ತರ ಹೇಳಿಬಿಡುವ ಚಪಲ ಅವರಿಗಿಲ್ಲ (ನೋಟ್ಸ್ ಬರೆಸುವ ಮೇಷ್ಟ್ರುಗಳು ಗಮನಿಸಬೇಕು). ಮುಂದಿನ ಕಂತುಗಳಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಬಂದಾಗ ಮಾತ್ರ ಇಂಗ್ಲಿಷ್ ತೊಡಕಾಗುತ್ತೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳದಿದ್ದರೆ ಮಕ್ಕಳು ತೂಕಡಿಸುತ್ತಾರೆ.