ಎಸ್.ಪಿ. ರೋಡಿನ ನಾಲ್ಕನೇ ನಂಬರ್ ತೋಪಡ: ಬ್ಲೇಡ್ ಪಾಸ್, ತಳ ಫೇಲ್

ಕಬ್ಬಿಣದ ತೋಪಡ (ಮರ ಹೆರೆದು ನುಣುಪು ಮಾಡುವ ಉಪಕರಣ) ಬೇಕು, ಆದರೆ ಹೊರದೇಶದ್ದಕ್ಕೆ ಸುರಿಯುವಷ್ಟು ದುಡ್ಡಿಲ್ಲ ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ತಂದದ್ದು ನಮ್ಮ ದೇಶದಲ್ಲೇ ತಯಾರಾದ, ನಾಲ್ಕನೇ ನಂಬರ್ ಅಳತೆಯದು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಚೌಕಾಸಿ ಮಾಡಿದ ಮೇಲೆ ಎರಡು ಸಾವಿರದೊಳಗೆ ಬಂತು. ಕಂಪನಿ ಹೆಸರು ಬೇಡ. ಅಂಗಡಿಯವರು ತೆಗೆದು ತೋರಿಸಿದ ಬೇರೆಯವೂ ಹೆಚ್ಚುಕಡಿಮೆ ಹೀಗೇ ಇದ್ದವು.

ಮಾದರಿ ಹಳೆಯದು, ಲಿಯೊನಾರ್ಡ್ ಬೇಯ್ಲಿ ಅನ್ನುವ ತೋಪಡ ತಯಾರಕನದು. 1869ರಲ್ಲಿ ಅಮೆರಿಕದ ಸ್ಟಾನ್ಲಿ ಕಂಪನಿ ಅವನ ಕಂಪನಿಯನ್ನೇ ಕೊಂಡುಕೊಂಡಿತು. ಈಗ ಅಂಗಡಿಯಲ್ಲಿ ಸಿಗುವ ಕಬ್ಬಿಣದ ತೋಪಡಗಳಲ್ಲಿ ಬಹುಪಾಲು ಅದರ ನಕಲೇ. ಒಂಬತ್ತೂವರೆ ಇಂಚು ಉದ್ದ, 2 ಇಂಚು ಅಗಲದ ಬ್ಲೇಡ್, ಅದು ಕೂರುವ ಓರೆ 45 ಡಿಗ್ರಿ. ಹಿಂದಿನ ಹಿತ್ತಾಳೆ ಗಾಲಿ ತಿರುಗಿಸಿದರೆ ಬ್ಲೇಡ್ ಇಳಿಯುತ್ತದೆ. ನಮ್ಮ ಮರದ ತೋಪಡದಲ್ಲಾದರೆ ಬೆಣೆ ಬಡಿದು, ಕಣ್ಣಳತೆಯಲ್ಲೇ ಕೂರಿಸಬೇಕು. ಆಚಾರ್ರ ಕೈಗೆ ಅದು ಸಲೀಸು, ನನ್ನಂಥ ಭಾನುವಾರದ ಬಡಗಿಗೆ ಕಷ್ಟ.

ದೊಡ್ಡ ತಕರಾರು ತಳದ್ದು. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತಿತ್ತು. ಅದೂ ಬಾಯಿಯ (ತಳದಲ್ಲಿ ಬ್ಲೇಡ್ ಹೊರಬರುವ ಸೀಳು) ಮುಂದೆಯೇ, ಅಂದರೆ ಮರವನ್ನು ಒತ್ತಿ ಹಿಡಿಯಬೇಕಾದ ಜಾಗದಲ್ಲೇ ಹಳ್ಳ! ಅಡುಗೆಮನೆ ಕಟ್ಟೆಯಿಂದ ಉಳಿದ ಗ್ರಾನೈಟ್ ತುಂಡಿನ ಮೇಲೆ 80 ನಂಬರ್ ಉಜ್ಜುಕಾಗದ ಅಂಟಿಸಿ, ತಳಕ್ಕೆಲ್ಲ ಪೆನ್ಸಿಲ್ ಗೀಟು ಹಾಕಿ ಉಜ್ಜಿದೆ. ಗೀಟು ಅಳಿಸದ ಕಡೆ ತಗ್ಗು ಅಂತ ಲೆಕ್ಕ. ಉಜ್ಜುವಾಗ ಬ್ಲೇಡನ್ನು ಬಿಗಿದೇ ಇಡಿ, ಆದರೆ ತುದಿಯನ್ನು ಒಳಗೆ ಎಳೆದಿರಿ. ಬಿಗಿದಾಗ ತಳ ಚೂರು ಬಾಗುತ್ತದೆ, ಆ ಸ್ಥಿತಿಯಲ್ಲೇ ಸಮ ಆಗಬೇಕು. ಇಡೀ ತಳ ಕನ್ನಡಿ ಆಗಬೇಕಿಲ್ಲ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ ಒಂದೇ ಮಟ್ಟಕ್ಕೆ ಬಂದರೆ ಸಾಕು. ಅಷ್ಟಕ್ಕೇ ಒಂದು ಭಾನುವಾರ ಹೋಯಿತು, ತೋಳು ಬಿದ್ದುಹೋಯಿತು.

ಬ್ಲೇಡ್ ಮಾತ್ರ ಪರವಾಗಿಲ್ಲ. ತೆಳ್ಳಗಿದೆ, ಆದರೆ ಸಾಣೆ ಬೇಗ ಹಿಡಿಯುತ್ತದೆ. ಮೊನೆಯ ಸಾಣೆ ಓರೆ 25 ಡಿಗ್ರಿ, ತೀರಾ ತುದಿಯಲ್ಲಿ ಮಾತ್ರ 30 ಕೊಟ್ಟೆ. ಬ್ಲೇಡಿನ ಮೇಲೆ ಕೂತು ಸಿಪ್ಪೆಯನ್ನು ಮುರಿಯುವ ತಗಡು, ಅಂದರೆ ಚಿಪ್ ಬ್ರೇಕರ್, ಸರಿಯಾಗಿ ಕೂರುತ್ತಿರಲಿಲ್ಲ, ಸಂದಿಗೆ ಸಿಪ್ಪೆ ಸಿಕ್ಕಿಕೊಳ್ಳುತ್ತಿತ್ತು. ಅದರ ಅಂಚನ್ನೂ ಕಲ್ಲಿಗೆ ಉಜ್ಜಿದ ಮೇಲೆ ಸರಿಹೋಯಿತು.

ಇಷ್ಟಾದ ಮೇಲೆ ಸಿಲ್ವರ್ ಓಕ್ ಹಲಗೆಯ ಮೇಲೆ ಓಡಿಸಿದರೆ ಈರುಳ್ಳಿ ಸಿಪ್ಪೆಯಂಥ ಸುರುಳಿ ಬಂತು. ತೇಗವೂ ಚೆನ್ನಾಗಿ ಬರುತ್ತದೆ. ಆದರೆ ತೇಗದಲ್ಲಿ ಸಿಲಿಕಾ ಇರುವುದರಿಂದ ಮೊನೆ ಬೇಗ ಸಾಯುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ. ಹೊನ್ನೆಯಲ್ಲಿ ಒದ್ದಾಡಿಸಿತು. ಅದರ ಎಳೆ ಒಂದು ಪದರ ಈ ಕಡೆ, ಇನ್ನೊಂದು ಆ ಕಡೆ. ಹೇಗೆ ತಳ್ಳಿದರೂ ಒಂದು ಕಡೆ ಕಿತ್ತು ಬರುತ್ತಿತ್ತು. ಚಿಪ್ ಬ್ರೇಕರನ್ನು ಮೊನೆಗೆ ಅರ್ಧ ಮಿಲಿಮೀಟರಿಗಿಂತ ಹತ್ತಿರ ತಂದಾಗ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ.

ಗಾಲಿ ದಿಕ್ಕು ಬದಲಿಸಿದಾಗ ಅರ್ಧ ಸುತ್ತು ಸುಮ್ನೆ ತಿರುಗುತ್ತದೆ. ಈ ಮಾದರಿಯಲ್ಲಿ ಅದು ಮಾಮೂಲು. ಹಿಡಿಯ ವಾರ್ನಿಷ್ ಅಂಗೈಗೆ ಬೊಬ್ಬೆ ಬರಿಸಿತು. ಕೆರೆದು ತೆಗೆದು ಅಗಸೆ ಎಣ್ಣೆ ಹಚ್ಚಿದೆ, ಈಗ ಆರಾಮ. ನಮ್ಮೂರ ಮಳೆಗಾಲದಲ್ಲಿ ತುಕ್ಕು ಬೇಗ ಹಿಡಿಯುತ್ತದೆ, ಹೊಲಿಗೆ ಮೆಷಿನ್ ಎಣ್ಣೆ ಒರೆಸಿಡಿ.

ಅಪಾರ್ಟ್‌ಮೆಂಟಿನಲ್ಲಿ ಇದ್ದುಕೊಂಡು ಮರಗೆಲಸ ಮಾಡುವವರಿಗೆ ಇದರಲ್ಲಿ ಒಂದು ದೊಡ್ಡ ಸುಖ ಇದೆ. ಸದ್ದಿಲ್ಲ, ಧೂಳಿಲ್ಲ. ಬಾಲ್ಕನಿಯಲ್ಲಿ ರಾತ್ರಿ ಒಂಬತ್ತಕ್ಕೆ ತಳ್ಳಿದರೂ ಕೆಳಗಿನ ಮನೆಯವರು ಬಾಗಿಲು ಬಡಿಯಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ತಂದ ದಿನವೇ ಕೆಲಸಕ್ಕೆ ಬೇಕು ಅನ್ನುವವರು ಕೊಳ್ಳಬೇಡಿ. ಕೊಳ್ಳುವವರು ಸ್ಟೀಲ್ ಸ್ಕೇಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ನಾಲ್ಕೈದು ಡಬ್ಬ ಬಿಚ್ಚಿಸಿ, ಒಂದೊಂದರ ತಳವನ್ನೂ ಬೆಳಕಿಗೆ ಹಿಡಿದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ ಅಲ್ವಾ.