ಹದಿಹರೆಯದವರ ಆತಂಕ, ಖಿನ್ನತೆಗೆ ಸಿಬಿಟಿ: ವರ್ಷದ ನಂತರದ ವಿಮರ್ಶೆ

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂದರೆ ಯೋಚನೆ, ನಡವಳಿಕೆಗಳನ್ನು ಅಭ್ಯಾಸದಿಂದ ಬದಲಿಸಿಕೊಳ್ಳುವ ಮಾತಿನ ಚಿಕಿತ್ಸೆ. ವಾರಕ್ಕೊಂದರಂತೆ 14 ಸೆಷನ್, ಆಮೇಲೆ ತಿಂಗಳಿಗೊಂದು ಫಾಲೋಅಪ್. ಈ ಪೂರ್ತಿ ಸುತ್ತು ಮುಗಿದ ಮೇಲೆ ಬರೆದದ್ದಿದು. ಸಿಬಿಟಿ ಖಂಡಿತ ಫಲ ಕೊಡುತ್ತದೆ, ಆದರೆ ಆ ಫಲ ಬಲಿಯುವುದು ಎರಡು ಸೆಷನ್‌ಗಳ ನಡುವಿನ ಆರು ದಿನಗಳಲ್ಲಿ, ಮನೆಯಲ್ಲಿ.

ಶುರುವಿನಲ್ಲಿ ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯು-9 ಹಾಳೆ ಕೊಡುತ್ತಾರೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 10 ಮುಟ್ಟಿದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೊನೆಯ ಪ್ರಶ್ನೆ ಸಾಯುವ, ಘಾಸಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಅದೇ ದಿನ ಮಾತಾಡಬೇಕು. ಅಪ್ಪ, ಅಮ್ಮ ಪಕ್ಕದಲ್ಲಿ ಕೂತರೆ ಮಕ್ಕಳು ಎಲ್ಲದಕ್ಕೂ ಸೊನ್ನೆಗೇ ಗುರುತು ಹಾಕುತ್ತಾರೆ. ದಯವಿಟ್ಟು ಹೊರಗೆ ಕೂರಿ.

ಆತಂಕಕ್ಕೆ ನಿಜವಾದ ಔಷಧಿ ಭಯದ ಏಣಿ, ಅಂದರೆ ಹೆದರಿಸುವ ಸಂಗತಿಗಳನ್ನು ಕಡಿಮೆ ಭಯದ್ದರಿಂದ ಹೆಚ್ಚಿನದಕ್ಕೆ ಒಂದೊಂದಾಗಿ ಎದುರಿಸುವುದು. ಶಾಲೆ ಅಂದರೆ ಹೊಟ್ಟೆ ತೊಳಸುವ ಮಗುವಿಗೆ ಮೊದಲ ಮೆಟ್ಟಿಲು: ಭಾನುವಾರ ಯೂನಿಫಾರ್ಮ್ ಹಾಕಿಕೊಂಡು ಖಾಲಿ ಶಾಲೆಯ ಗೇಟಿನವರೆಗೆ, ಭಯ ನೂರಕ್ಕೆ 30. ಆಮೇಲೆ ಪ್ರೇಯರ್ ಮುಗಿದ ಮೇಲೆ ಒಂದೇ ಪೀರಿಯಡ್, 50. ಊಟದ ಬೆಲ್‌ವರೆಗೆ, 65. ಕ್ಲಾಸಲ್ಲಿ ಎದ್ದು ನಿಂತು ಓದುವುದು, 90. ಅಂಕ ಅರ್ಧಕ್ಕಿಳಿಯುವವರೆಗೆ ಅದೇ ಮೆಟ್ಟಿಲನ್ನು ನಾಲ್ಕೈದು ಸಲ ಹತ್ತಿಸಬೇಕು. ಕೆಡುವುದು ಎಲ್ಲಿ ಗೊತ್ತೇ? ಭಯ ನೆತ್ತಿಗೇರಿದ ಹೊತ್ತಿನಲ್ಲೇ "ಇವತ್ತಿಗೆ ಸಾಕು ಕಂದಾ" ಎಂದು ಮನೆಗೆ ಕರೆತಂದಾಗ. ಓಡಿಬಂದದ್ದರಿಂದಲೇ ಉಳಿದೆ ಎಂದು ಮೆದುಳು ಕಲಿತುಬಿಡುತ್ತದೆ. ಮಾರನೆಯ ದಿನ ಗೇಟೇ 70 ಆಗಿರುತ್ತದೆ.

ಖಿನ್ನತೆಯಲ್ಲಿ ಕ್ರಮ ಬೇರೆ. ಮೂಡ್ ಬರಲಿ ಎಂದು ಕಾಯದೆ ಸಣ್ಣ ಕೆಲಸದಿಂದ ಶುರುಮಾಡಬೇಕು. "ವಾಕಿಂಗ್ ಹೋಗು" ಅಂದರೆ ಯಾರೂ ಏಳುವುದಿಲ್ಲ. "ಸಂಜೆ ಐದೂವರೆಗೆ ಹಾಲಿನ ಬೂತಿಗೆ ಹೋಗಿ ಎರಡು ಪ್ಯಾಕೆಟ್ ತಾ" ಅಂದರೆ ಏಳುತ್ತಾರೆ. ಹೋಗುವ ಮುಂಚೆ, ಬಂದ ಮೇಲೆ ಮೂಡಿಗೆ ಹತ್ತಕ್ಕೆ ಎಷ್ಟು ಎಂದು ಬರೆಸಿ. 2 ಇದ್ದದ್ದು 3 ಆದರೂ ಸಂತೋಷಪಡಿ.

ಮನಸ್ಸಿಗೆ ಬಂದ ಯೋಚನೆ ಬರೆದು, ಅದು ನಿಜವೇ ಎಂದು ಪರೀಕ್ಷಿಸುವ ಹಾಳೆ ಹೆಚ್ಚಿನ ಮಕ್ಕಳಿಗೆ ಸೇರುವುದಿಲ್ಲ. ಮೊಬೈಲ್ ನೋಟ್ಸ್‌ನಲ್ಲಿ ಬರೆದರೂ ನಡೆಯುತ್ತದೆ. ಅದನ್ನು ತೆರೆದು ಓದಬೇಡಿ, ಹಾಗೆ ಮಾಡಿದರೆ ಅಲ್ಲಿಗೆ ಥೆರಪಿ ಮುಗಿಯಿತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಗೆ ತಿಳಿಸುತ್ತೇವೆ ಎಂಬ ಒಪ್ಪಂದ ಮೊದಲ ದಿನವೇ ಆಗಬೇಕು.

ಖಿನ್ನತೆ ತೀವ್ರವಾಗಿದ್ದರೆ ಬರೀ ಮಾತು ಸಾಲದು. 12ರಿಂದ 17 ವರ್ಷದ 439 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರದ ಹೊತ್ತಿಗೆ ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ ಮತ್ತು ಸಿಬಿಟಿ ಎರಡೂ ಪಡೆದವರಲ್ಲಿ ಶೇ 71, ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇ 61, ಸಿಬಿಟಿಯೊಂದನ್ನೇ ಪಡೆದವರಲ್ಲಿ ಶೇ 43 ಮಂದಿ ಸಾಕಷ್ಟು ಸುಧಾರಣೆ ಕಂಡರು. ಮಾತ್ರೆ ಮನೋವೈದ್ಯರೇ ಬರೆಯಬೇಕು. ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಕಣ್ಣಿಟ್ಟಿರಿ. ನೀವಾಗಿ ನಿಲ್ಲಿಸಲೇಬೇಡಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಯಾರೂ ಸಿಗದ ಊರಿನಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಸೆಷನ್‌ನಲ್ಲಿ ಒಂದು ಪುಟ ಬರೆಸಿಕೊಳ್ಳಿ: ಮರುಕಳಿಸುವ ಸೂಚನೆಗಳೇನು, ಆಗ ಏಣಿಯ ಯಾವ ಮೆಟ್ಟಿಲಿಗೆ ಮರಳಬೇಕು, ಯಾರಿಗೆ ಫೋನ್ ಮಾಡಬೇಕು. ಪರೀಕ್ಷೆ ಹತ್ತಿರವಾದಾಗ ಅದು ಬೇಕಾಗುತ್ತದೆ. ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದರೆ ಮಗುವಿಗೆ ಕಾಣುತ್ತದೆ, ಬಂದ ನೆಂಟರಿಗೆ ಕಾಣುವುದಿಲ್ಲ.